ಎರಡನೆಯ ಪೆಟ್ಟಿಗೆ ಯಾವುದು, ಯಾಳಿಯ ಬೆಲೆ ಎಷ್ಟು?

ಪ್ರಶ್ನೆ: ಡೊಂಬಿವಲಿಯಲ್ಲಿ ನೆಲೆಸಿರುವ ನಾವು ನಾಲ್ವರು ಕನ್ನಡಿಗರು ಭಾನುವಾರಗಳಂದು ಮನೆಯ ಊಟದ ಮೇಜಿನ ಮೇಲೆ ಗೊಂಬೆ ಸೇನೆಗಳ ಆಟ ಆಡುತ್ತೇವೆ. ಪರಿಚಿತರೊಬ್ಬರಿಂದ ‘ರೂನ್‌ವಾರ್ಸ್’ ಆಟದ ಮೂಲ ಪೆಟ್ಟಿಗೆ ಸೆಕೆಂಡ್ ಹ್ಯಾಂಡ್ ಆಗಿ ಸಿಕ್ಕಿತ್ತು. ಇದ್ದ ದಳಗಳನ್ನೇ ಆಡಿ ಆಡಿ ಬೇಸರ ಬಂದಿದೆ. ಯೂನಿಟ್ ಎಕ್ಸ್‌ಪಾನ್ಷನ್, ಅಂದರೆ ಹೆಚ್ಚುವರಿ ದಳದ ಪೆಟ್ಟಿಗೆ, ಕೊಳ್ಳುವುದಾದರೆ ಇರುವ ದಳದ್ದೇ ಇನ್ನೊಂದು ಪೆಟ್ಟಿಗೆ ಒಳ್ಳೆಯದೋ, ಹೊಸ ಬಗೆಯ ದಳ ಒಳ್ಳೆಯದೋ? ಇನ್ನೊಂದು ಮಾತು: ಹಂಪಿಯ ಕಂಬಗಳಲ್ಲಿರುವ ಯಾಳಿಯನ್ನು ಮಾದರಿಯಾಗಿಟ್ಟುಕೊಂಡು ನಾವೇ ಒಂದು ದಳವನ್ನು ರೂಪಿಸಿದ್ದೇವೆ. ಈಟಿಗಾರರಿಗಿಂತ ಅದರ ಹೊಡೆತ ಎರಡರಷ್ಟು, ತಾಳಿಕೆ ಎರಡರಷ್ಟು. ಆದ್ದರಿಂದ ಪಾಯಿಂಟ್, ಅಂದರೆ ದಳವನ್ನು ಸೇನೆಗೆ ಸೇರಿಸಿಕೊಳ್ಳಲು ತೆರುವ ಬೆಲೆ, ಕೂಡ ಎರಡರಷ್ಟು ಇಟ್ಟೆವು. ಆದರೂ ಯಾಳಿ ಇರುವ ಕಡೆಯೇ ಗೆಲ್ಲುತ್ತಿದೆ. ಲೆಕ್ಕ ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಇರುವ ಈಟಿಗಾರರದ್ದೇ ಇನ್ನೊಂದು ಪೆಟ್ಟಿಗೆಯನ್ನು, ಎದುರು ಕಡೆಗೆ ಅದಕ್ಕೆ ಸಮನಾದ ಕಾಲಾಳುಗಳ ಇನ್ನೊಂದು ಪೆಟ್ಟಿಗೆಯನ್ನು ಕೊಳ್ಳಿ, ಹೊಸ ಬಗೆಯ ದಳ ಆಮೇಲೆ ಬರಲಿ. ಯಾಳಿಯ ಲೆಕ್ಕ ತಪ್ಪಿರುವುದು ನಿಮ್ಮ ಗುಣಾಕಾರದಲ್ಲಿ ಅಷ್ಟಾಗಿ ಅಲ್ಲ, ಹೆಚ್ಚಾಗಿ ನಿಮ್ಮ ಮೇಜಿನ ಅಗಲದಲ್ಲಿ. ಈ ಎರಡು ಉತ್ತರಗಳೂ ಒಂದೇ ಬೇರಿನಿಂದ ಬಂದವು. ದಳವೊಂದರ ನಿಜವಾದ ಬಲ ಅದರ ಕಾರ್ಡಿನಲ್ಲಿ ಅಚ್ಚಾದ ಅಂಕಿಗಳಿಗಿಂತ ಹೆಚ್ಚಾಗಿ, ಅದರ ಎಷ್ಟು ಜನ ಏಕಕಾಲಕ್ಕೆ ಶತ್ರುವನ್ನು ಮುಟ್ಟಬಲ್ಲರು ಎಂಬುದನ್ನು ಅವಲಂಬಿಸಿರುತ್ತದೆ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಫ್ಯಾಂಟಸಿ ಫ್ಲೈಟ್ ಗೇಮ್ಸ್ ಸಂಸ್ಥೆ 2017ರಲ್ಲಿ ಹೊರತಂದ ರೂನ್‌ವಾರ್ಸ್ ಆಟದಲ್ಲಿ ಗೊಂಬೆಗಳು ಬಿಡಿಬಿಡಿಯಾಗಿ ಚಲಿಸುವುದಿಲ್ಲ. ಅವು ಟ್ರೇಗಳ ಮೇಲೆ ನಿಲ್ಲುತ್ತವೆ, ಟ್ರೇಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ದಳವಾಗುತ್ತವೆ, ಆ ದಳ ಒಂದೇ ದೇಹದಂತೆ ಮುಂದೆ ಸಾಗುತ್ತದೆ. ಮುಂದಿನ ಸಾಲಿನಲ್ಲಿ ಎಷ್ಟು ಟ್ರೇಗಳಿವೆಯೋ ಅಷ್ಟರಿಂದ ನಿಮ್ಮ ಹೊಡೆತ ಗುಣಿಸಲ್ಪಡುತ್ತದೆ. ಹಿಂದಿನ ಸಾಲುಗಳು ದಾಳವನ್ನು ಮತ್ತೆ ಉರುಳಿಸುವ ಅವಕಾಶವನ್ನು ಕೊಡುತ್ತವೆ. ಅಗಲಕ್ಕೆ ಒಂದು ಫಲ, ಆಳಕ್ಕೆ ಇನ್ನೊಂದು ಫಲ. ಇದರ ಜೊತೆಗೆ ಪ್ರತಿ ದಳಕ್ಕೂ ಒಂದು ಡಯಲ್ ಇದೆ; ಈ ಸುತ್ತಿನಲ್ಲಿ ಏನು ಮಾಡುತ್ತೇವೆ, ಯಾವ ಸರದಿಯಲ್ಲಿ ಮಾಡುತ್ತೇವೆ ಎಂಬುದನ್ನು ಇಬ್ಬರೂ ಗುಟ್ಟಾಗಿ ತಿರುಗಿಸಿಟ್ಟು ಆಮೇಲೆ ತೋರಿಸುತ್ತಾರೆ. ಆದ್ದರಿಂದ ಈಟಿಗಾರರ ಎರಡನೆಯ ಪೆಟ್ಟಿಗೆ ಕೈಗೆ ಬಂದ ದಿನವೇ ನಿಮ್ಮ ಮುಂದೆ ಮೂರು ದಾರಿಗಳು ತೆರೆದುಕೊಳ್ಳುತ್ತವೆ. ಎಲ್ಲರನ್ನೂ ಅಕ್ಕಪಕ್ಕ ನಿಲ್ಲಿಸಿ ಅಗಲವಾದ ಒಂದೇ ದಳ ಕಟ್ಟಬಹುದು, ಹಿಂದೆ ಹಿಂದೆ ನಿಲ್ಲಿಸಿ ಆಳವಾದ ದಳ ಕಟ್ಟಬಹುದು, ಅಥವಾ ಎರಡು ಬೇರೆ ದಳಗಳನ್ನಾಗಿ ಮಾಡಿ ಎರಡು ಡಯಲ್‌ಗಳನ್ನು ಹಿಡಿಯಬಹುದು. ಹೊಸ ನಿಯಮವನ್ನು ಒಂದಕ್ಷರವೂ ಓದದೆ ಆಟದ ಸ್ವರೂಪವೇ ಬದಲಾಗುತ್ತದೆ. ನಾನು ಪುಣೆಯಲ್ಲಿ ಈ ಹವ್ಯಾಸಕ್ಕೆ ಬಿದ್ದ ಹೊಸತರಲ್ಲಿ ನಾಲ್ಕು ಬೇರೆ ಬೇರೆ ದಳಗಳ ನಾಲ್ಕು ಪೆಟ್ಟಿಗೆಗಳನ್ನು ಒಟ್ಟಿಗೇ ತಂದಿದ್ದೆ. ಮೊದಲ ಭಾನುವಾರ ನಾವು ಆಡಿದ್ದಕ್ಕಿಂತ ಕಾರ್ಡುಗಳನ್ನು ಓದಿದ್ದೇ ಹೆಚ್ಚು, ಸಂಜೆ ಕಾಫಿಯ ಹೊತ್ತಿಗೆ ಎರಡನೆಯ ಸುತ್ತೂ ಮುಗಿದಿರಲಿಲ್ಲ.

ಅಗಲ ಮತ್ತು ಆಳದ ಈ ವ್ಯತ್ಯಾಸ ರೂನ್‌ವಾರ್ಸ್‌ಗೆ ಮಾತ್ರ ಸೀಮಿತವಲ್ಲ. ಮ್ಯಾಂಟಿಕ್ ಗೇಮ್ಸ್ ಸಂಸ್ಥೆಯ ‘ಕಿಂಗ್ಸ್ ಆಫ್ ವಾರ್’ ಆಟದಲ್ಲಿ ಅದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಅಲ್ಲಿ 20 ಮಿಲಿಮೀಟರ್ ಬೇಸ್‌ನ (ಗೊಂಬೆ ನಿಲ್ಲುವ ಅಡಿಹಲಗೆಯ) ಸಾಮಾನ್ಯ ಕಾಲಾಳುಗಳ ಚಿಕ್ಕ ದಳ, ಅಂದರೆ ಟ್ರೂಪ್, 10 ಜನರದು. ರೆಜಿಮೆಂಟ್ 20 ಜನರದು. ಹೋರ್ಡ್ 40 ಜನರದು. ಟ್ರೂಪ್‌ನ ಮುಂಭಾಗ 100 ಮಿಲಿಮೀಟರ್, ರೆಜಿಮೆಂಟಿನ ಮುಂಭಾಗವೂ 100 ಮಿಲಿಮೀಟರೇ, ಹೋರ್ಡ್‌ನದು 200. ಸಾಧಾರಣ ಕತ್ತಿವರಸೆಯ ದಳವಾದರೆ ಟ್ರೂಪ್ ಉರುಳಿಸುವ ದಾಳಗಳು 10, ರೆಜಿಮೆಂಟ್ ಉರುಳಿಸುವವು 12, ಹೋರ್ಡ್ ಉರುಳಿಸುವವು 25. ಗಮನಿಸಿ: ಜನ ಹತ್ತರಿಂದ ಇಪ್ಪತ್ತಾದರೂ ಮುಂಭಾಗ ಹಿಗ್ಗದ ಕಾರಣ ಎರಡೇ ದಾಳ ಹೆಚ್ಚಿತು, ಹಿಂದೆ ನಿಂತ ಹತ್ತು ಜನ ಕೊಟ್ಟದ್ದು ಹೊಡೆತವನ್ನಲ್ಲ, ಎದೆಗಾರಿಕೆಯನ್ನು, ಅಂದರೆ ಪೆಟ್ಟು ತಿಂದರೂ ಓಡಿಹೋಗದೆ ನಿಲ್ಲುವ ಗುಣವನ್ನು. ಇಪ್ಪತ್ತು ನಲವತ್ತಾದಾಗ ಮುಂಭಾಗವೂ ಇಮ್ಮಡಿಯಾಯಿತು, ದಾಳಗಳೂ ಇಮ್ಮಡಿಗಿಂತ ತುಸು ಹೆಚ್ಚಾದವು. ಒಂದೇ ಗೊಂಬೆಗಳು, ನಿಲ್ಲಿಸುವ ರೀತಿ ಮಾತ್ರ ಬೇರೆ. ನಿಮ್ಮ ಯಾವ ದಳಕ್ಕೇ ಆಗಲಿ ಇನ್ನೊಂದು ಪೆಟ್ಟಿಗೆ ಕೊಳ್ಳುವ ಮುನ್ನ, ಈ ಹೊಸ ಗೊಂಬೆಗಳು ಮುಂದಿನ ಸಾಲಿಗೆ ಹೋಗುತ್ತವೆಯೋ ಹಿಂದಿನ ಸಾಲಿಗೆ ಹೋಗುತ್ತವೆಯೋ ಎಂದು ಕೇಳಿಕೊಳ್ಳಬೇಕು.

ಬೆಳಗಿನ ಎಂಟೂವರೆಗೆ ದಾದರ್ ನಿಲ್ದಾಣದಲ್ಲಿ ಲೋಕಲ್ ರೈಲು ಹತ್ತಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಪ್ಲಾಟ್‌ಫಾರಂ ಮೇಲೆ ಇನ್ನೂರು ಜನರಿರಬಹುದು, ಆದರೆ ಬಾಗಿಲಲ್ಲಿ ಒಳಗಿನವರೊಂದಿಗೆ ಸೆಣಸುವವರು ನಾಲ್ಕೈದು ಮಂದಿ ಮಾತ್ರ; ಉಳಿದವರು ಹಿಂದಿನಿಂದ ನೂಕಬಹುದು, ಸರದಿ ಕಾಯಬಹುದು.

ಈ ಅನುಭವಕ್ಕೆ ಗಣಿತದ ರೂಪ ಕೊಟ್ಟವರು ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್. ವಿಮಾನಯುದ್ಧವನ್ನು ಕುರಿತು ಅವರು 1916ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ನಿಯಮಗಳಿವೆ. ಕತ್ತಿ ಹಿಡಿದು ಒಬ್ಬನಿಗೊಬ್ಬ ಎದುರಾಗುವ ಕಾಳಗದಲ್ಲಿ ಸೇನೆಯ ಬಲ ಸಂಖ್ಯೆಗೆ ನೇರ ಅನುಪಾತದಲ್ಲಿರುತ್ತದೆ. ದೂರದಿಂದ ಎಲ್ಲರೂ ಒಂದೇ ಗುರಿಗೆ ಹೊಡೆಯಬಲ್ಲ ಕಾಳಗದಲ್ಲಿ ಬಲ ಸಂಖ್ಯೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸಮಬಲರಾದ 16 ಜನ 12 ಜನರ ವಿರುದ್ಧ ಕತ್ತಿಯಲ್ಲಿ ಕಡೆಯವರೆಗೂ ಹೋರಾಡಿದರೆ ಗೆದ್ದವರಲ್ಲಿ ಉಳಿಯುವವರು ಸುಮಾರು 4 ಮಂದಿ. ಅದೇ 16 ಬಿಲ್ಲುಗಾರರು 12 ಬಿಲ್ಲುಗಾರರ ವಿರುದ್ಧ ಬಯಲಿನಲ್ಲಿ ನಿಂತರೆ 256ರಿಂದ 144 ಕಳೆದು ಉಳಿದ 112ರ ವರ್ಗಮೂಲ, ಅಂದರೆ ಹತ್ತಕ್ಕೂ ಹೆಚ್ಚು ಮಂದಿ ಉಳಿಯುತ್ತಾರೆ. ಆ ನಾಲ್ಕು ಜನರ ಹೆಚ್ಚುಗಾರಿಕೆ ಒಂದು ಕಡೆ ನಾಲ್ಕರಷ್ಟೇ ಬೆಲೆಬಾಳಿತು, ಇನ್ನೊಂದು ಕಡೆ ಹತ್ತರಷ್ಟು ಬೆಲೆಬಾಳಿತು.

ಆದ್ದರಿಂದಲೇ ನಾನು ಈಟಿಗಾರರ ಎರಡನೆಯ ಪೆಟ್ಟಿಗೆಗೆ ಧಾರಾಳವಾಗಿ ಒಪ್ಪಿದರೂ ಬಿಲ್ಲುಗಾರರ ಎರಡನೆಯ ಪೆಟ್ಟಿಗೆಯ ವಿಷಯದಲ್ಲಿ ಎಚ್ಚರ ಹೇಳುತ್ತೇನೆ. ಬಿಲ್ಲುಗಾರರನ್ನು ಇಮ್ಮಡಿ ಮಾಡಿ ಪಾಯಿಂಟನ್ನೂ ಇಮ್ಮಡಿ ಮಾಡಿದರೆ, ಬಯಲು ಹೆಚ್ಚಿರುವ ಮೇಜಿನಲ್ಲಿ, ಆ ಕಡೆಗೆ ಪುಕ್ಕಟೆಯಾಗಿ ಬಲ ಸೇರಿದಂತಾಗುತ್ತದೆ. ಮೂಲ ಪೆಟ್ಟಿಗೆಯಲ್ಲಿ ಬಿಲ್ಲುಗಾರರಿರುವುದು ವೈಕರನ ಅಸ್ಥಿಪಂಜರ ಸೇನೆಯ ಕಡೆಗೆ ಮಾತ್ರ. ಈಟಿಗಾರರಿರುವ ಡಾಕನ್ ಕಡೆಯವರ ಬಳಿ ದೂರದಿಂದ ಉತ್ತರ ಕೊಡುವ ದಳವಿಲ್ಲ. ಬಿಲ್ಲುಗಾರರನ್ನು ಹೆಚ್ಚಿಸಲೇಬೇಕು ಎನಿಸಿದರೆ ಮೇಜಿನ ನಡುವೆ ಕಾಡು, ಗೋಡೆ, ದಿಬ್ಬಗಳನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಿ. ಗುರಿ ಕಾಣದ ಕಡೆ ವರ್ಗದ ನಿಯಮ ತಾನಾಗಿ ಸಡಿಲಗೊಳ್ಳುತ್ತದೆ.

ದೊಡ್ಡ ದಳದಿಂದ ಬರುವ ಇನ್ನೊಂದು ಲಾಭವನ್ನು ಜನ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ ದಾಳಕ್ಕೂ ಮೂರರಲ್ಲಿ ಒಂದು ಪಾಲು ಪೆಟ್ಟು ತಾಗುವ ಸಂಭವವಿದೆ ಎಂದುಕೊಳ್ಳಿ. ಆರು ದಾಳ ಉರುಳಿಸಿದಾಗ ಒಂದೂ ತಾಗದೆ ಹೋಗುವ ಸಾಧ್ಯತೆ ಸುಮಾರು ಶೇಕಡಾ 9. ಹನ್ನೆರಡು ದಾಳಗಳಲ್ಲಿ ಅದು ಶೇಕಡಾ 1ಕ್ಕಿಂತ ಕಡಿಮೆ. ಚಿಕ್ಕ ದಳ ಅದೃಷ್ಟವನ್ನು ನಂಬಿ ಹೋಗುತ್ತದೆ, ದೊಡ್ಡ ದಳ ಸರಾಸರಿಯನ್ನು ನಂಬಿ ಹೋಗುತ್ತದೆ. ಯೋಜನೆ ಹಾಕಿ ಆಡುವವರಿಗೆ ಈ ಭರವಸೆಯೇ ದೊಡ್ಡ ಆಸ್ತಿ. ಹಾಗೆಂದು ದಳವನ್ನು ಹಿಗ್ಗಿಸುತ್ತಲೇ ಹೋಗಬೇಕೆಂದಲ್ಲ. 2010ರಲ್ಲಿ ಬಂದ ವಾರ್‌ಹ್ಯಾಮರ್ ಫ್ಯಾಂಟಸಿ ಎಂಬ ಗೊಂಬೆ ಸೇನೆಗಳ ಆಟದ ಎಂಟನೆಯ ಆವೃತ್ತಿಯಲ್ಲಿ ಹತ್ತು ಜನ ಅಗಲವಿರುವ ದಳಕ್ಕೆ ಇನ್ನೊಂದು ಸಾಲು ಹೆಚ್ಚಾಗಿ ಹೋರಾಡುವ ಸವಲತ್ತು ಕೊಟ್ಟರು. ಆಟ ಭವ್ಯವಾಗಿ ಕಂಡಿತು ನಿಜ, ಆದರೆ ಹೊಸಬನೊಬ್ಬ ಒಂದು ದಳ ಕಟ್ಟಲು ನಾಲ್ಕಾರು ಪೆಟ್ಟಿಗೆ ಕೊಂಡು, ಎಲ್ಲಕ್ಕೂ ಬಣ್ಣ ಬಳಿಯಬೇಕಾಯಿತು. ಅದು ಆಟಕ್ಕಿಂತ ಅಂಗಡಿಗೆ ಹೆಚ್ಚು ಒದಗಿದ ನಿಯಮ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮಟ್ಟಿಗೆ ಒಂದು ದಳಕ್ಕೆ ಎರಡು ಪೆಟ್ಟಿಗೆ ಸಾಕು. ಮೂರನೆಯದಕ್ಕೆ ನಿಮ್ಮ ಮೇಜಿನ ಮೇಲೆ ತಿರುಗಲು ಜಾಗವಿರುವುದಿಲ್ಲ.

ಹೊಸ ಬಗೆಯ ದಳ ಕೊಳ್ಳುವ ಕಾಲ ಬಂದಾಗ, ಅದು ಎಷ್ಟು ಜೋರಾಗಿ ಹೊಡೆಯುತ್ತದೆ ಎಂದು ನೋಡುವುದಕ್ಕಿಂತ ಎದುರಾಳಿ ಈಗ ಮಾಡದ ಯಾವ ಯೋಚನೆಯನ್ನು ಅದು ಮಾಡಿಸುತ್ತದೆ ಎಂದು ನೋಡಿ. ಕಿಂಗ್ಸ್ ಆಫ್ ವಾರ್ ಆಟದಲ್ಲಿ ಶತ್ರುವಿನ ಮಗ್ಗುಲಿಗೆ ಬಿದ್ದ ದಳದ ದಾಳಗಳು ಇಮ್ಮಡಿಯಾಗುತ್ತವೆ, ಬೆನ್ನಿಗೆ ಬಿದ್ದರೆ ಮುಮ್ಮಡಿಯಾಗುತ್ತವೆ. ಹಾಗಾಗಿ ವೇಗದ ಅಶ್ವದಳವೊಂದು ಮೇಜಿನ ಅಂಚಿನಲ್ಲಿ ಸುಮ್ಮನೆ ನಿಂತರೂ ಎದುರಾಳಿ ತನ್ನ ಒಂದು ದಳವನ್ನು ಅದರ ಕಡೆಗೆ ಮುಖ ಮಾಡಿ ಕಾವಲಿಡಬೇಕಾಗುತ್ತದೆ. ಆ ಅಶ್ವದಳ ಒಂದೂ ದಾಳ ಉರುಳಿಸದೆ ತನ್ನ ಪಾಯಿಂಟನ್ನು ದುಡಿದುಕೊಟ್ಟಿತು. ನಿಮ್ಮ ಮೂಲ ಪೆಟ್ಟಿಗೆಯಲ್ಲಿ ಅಶ್ವದಳ ಈಗಾಗಲೇ ಇದೆ. ಆದ್ದರಿಂದ ಡಾಕನ್ ಕಡೆಗೆ ಅಡ್ಡಬಿಲ್ಲುಗಾರರ ಪೆಟ್ಟಿಗೆ ಸಿಕ್ಕರೆ ಅದು ನಿಜವಾಗಿ ಕೊರತೆ ತುಂಬುತ್ತದೆ. ಇನ್ನೂ ಬಲವಾದ ಕಾಲಾಳು ಎಂಬ ಬಗೆಯ ದಳಗಳನ್ನು ಸದ್ಯಕ್ಕೆ ದೂರವಿಡಿ. ಅವು ಎದುರಾಳಿಯಿಂದ ಹೊಸ ಯೋಚನೆಯನ್ನು ಬೇಡುವುದಿಲ್ಲ. ವೀರರ ಪೆಟ್ಟಿಗೆಗಳ ಬಗ್ಗೆಯೂ ನನಗೆ ಉತ್ಸಾಹ ಕಡಿಮೆ. ನಾಲ್ವರು ಆಡುವ ಮನೆಯಲ್ಲಿ ವೀರನನ್ನು ಹಿಡಿದವನೊಬ್ಬನೇ ಮಜಾ ಮಾಡುತ್ತಾನೆ.

ಈಗ ಯಾಳಿಯ ವಿಷಯಕ್ಕೆ ಬರೋಣ. ಪಾಯಿಂಟ್ ಎಂಬುದು ದಳಕ್ಕೆ ಹುಟ್ಟಿನಿಂದ ಬಂದ ಗುಣವಲ್ಲ, ಆಡುವವರ ನಡುವಿನ ಒಪ್ಪಂದ. ಅದಿಲ್ಲದೆಯೂ ಆಡಬಹುದೇ ಎಂದರೆ, 2015ರಲ್ಲಿ ‘ಏಜ್ ಆಫ್ ಸಿಗ್ಮಾರ್’ ಆಟ ಪಾಯಿಂಟ್‌ಗಳೇ ಇಲ್ಲದೆ ಹೊರಬಂದಿತ್ತು. ಮರುವರ್ಷವೇ, 2016ರಲ್ಲಿ, ಪಾಯಿಂಟ್‌ಗಳಿರುವ ಕೈಪಿಡಿಯನ್ನು ಆ ಆಟದ ಪ್ರಕಾಶಕರೇ ಪ್ರಕಟಿಸಬೇಕಾಯಿತು. ಒಪ್ಪಂದವಿಲ್ಲದೆ ಅಪರಿಚಿತರು ಎದುರುಬದುರು ಕೂರುವುದು ಕಷ್ಟ. ಆದರೆ ಈ ಒಪ್ಪಂದ ಮೈದಾನವನ್ನು ಬಿಟ್ಟು ನಿಲ್ಲುವುದಿಲ್ಲ. ನಮ್ಮ ಹುಲಿ-ಕುರಿ ಆಟವನ್ನೇ ನೋಡಿ: ಸಾಮಾನ್ಯವಾಗಿ ಮೂರು ಹುಲಿಗಳಿಗೆ ಹದಿನೈದು ಕುರಿಗಳು ಎಂಬ ಲೆಕ್ಕ ಕಲ್ಲಿನ ಮೇಲೆ ಕೊರೆದ ಆ ತ್ರಿಕೋನದ ಗೆರೆಗಳಿಗೆ ಮಾತ್ರ ಸರಿ. ಅದೇ ಹುಲಿ ಕುರಿಗಳನ್ನು ಚದುರಂಗದ ಹಾಸಿನ ಮೇಲಿಟ್ಟರೆ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ನಿಮ್ಮ ಈಟಿಗಾರರ ದಳ ಸುತ್ತಿಗೆ 2 ಪೆಟ್ಟು ಕೊಡುತ್ತದೆ, 4 ಪೆಟ್ಟು ತಿಂದರೆ ಸಾಯುತ್ತದೆ, ಅದರ ಬೆಲೆ 20 ಪಾಯಿಂಟ್ ಎಂದಿಟ್ಟುಕೊಳ್ಳೋಣ. ಯಾಳಿ ಸುತ್ತಿಗೆ 4 ಪೆಟ್ಟು ಕೊಡುತ್ತದೆ, 8 ಪೆಟ್ಟು ತಾಳುತ್ತದೆ, ನಿಮ್ಮ ಲೆಕ್ಕದಲ್ಲಿ ಅದಕ್ಕೆ 40 ಪಾಯಿಂಟ್. ಸಾಯುವವರೆಗೂ ದಳ ಪೂರ್ಣ ಬಲದಿಂದ ಹೊಡೆಯುತ್ತದೆ, ಇಬ್ಬರೂ ಏಕಕಾಲಕ್ಕೆ ಹೊಡೆಯುತ್ತಾರೆ ಎಂದು ಲೆಕ್ಕದ ಸುಲಭಕ್ಕಾಗಿ ಭಾವಿಸೋಣ. ಬಯಲಿನಲ್ಲಿ ಎರಡು ಈಟಿ ದಳಗಳು ಯಾಳಿಯನ್ನು ಒಟ್ಟಿಗೇ ಮುತ್ತಿದರೆ, ಮೊದಲ ಸುತ್ತಿನಲ್ಲಿ ಅದು 4 ಪೆಟ್ಟು ತಿಂದು ಒಂದು ದಳವನ್ನು ಮುಗಿಸುತ್ತದೆ. ಎರಡನೆಯ ಸುತ್ತಿನಲ್ಲಿ ಇನ್ನೆರಡು ಪೆಟ್ಟು ತಿಂದು ಉಳಿದ ದಳವನ್ನೂ ಮುಗಿಸಿ, ಇನ್ನೂ 2 ಪೆಟ್ಟು ತಾಳುವಷ್ಟು ಜೀವ ಉಳಿಸಿಕೊಂಡು ನಿಂತಿರುತ್ತದೆ. ಮೂರು ದಳಗಳು ಮುತ್ತಿದರೆ ಮೊದಲ ಸುತ್ತಿಗೇ 6 ಪೆಟ್ಟು ತಿಂದು, ಎರಡನೆಯ ಸುತ್ತಿನಲ್ಲಿ ಇನ್ನೊಂದು ದಳವನ್ನು ಜೊತೆಗೆ ಕರೆದುಕೊಂಡು ಸಾಯುತ್ತದೆ. ಒಂದು ಈಟಿ ದಳ ಗಾಯವಿಲ್ಲದೆ ಉಳಿಯುತ್ತದೆ. ಅಂದರೆ ಬಯಲಿನಲ್ಲಿ ಯಾಳಿಯ ಬೆಲೆ ಎರಡು ದಳಗಳಿಗಿಂತ ಸ್ವಲ್ಪ ಹೆಚ್ಚು, ಮೂರಕ್ಕಿಂತ ಕಡಿಮೆ.

ಇದೇ ಯಾಳಿಯನ್ನು ಎರಡು ಗುಡ್ಡಗಳ ನಡುವಿನ ಕಣಿವೆಯ ಬಾಯಿಯಲ್ಲಿ ನಿಲ್ಲಿಸಿ. ಈಗ ಈಟಿ ದಳಗಳು ಒಂದರ ಹಿಂದೊಂದರಂತೆ ಬರಬೇಕು. ಒಂದೊಂದು ದಳವೂ 2 ಪೆಟ್ಟು ಕೊಟ್ಟು ಒಂದೇ ಸುತ್ತಿನಲ್ಲಿ ಸಾಯುತ್ತದೆ. ಯಾಳಿ ಸಾಯಬೇಕಾದರೆ ನಾಲ್ಕು ದಳಗಳು ಬಲಿಯಾಗಬೇಕು. ಬಯಲಿನಲ್ಲಿ 50ರ ಆಸುಪಾಸಿನಲ್ಲಿದ್ದ ಬೆಲೆ ಇಕ್ಕಟ್ಟಿನಲ್ಲಿ 80 ಆಯಿತು. ಊಟದ ಮೇಜಿನ ಮೇಲೆ ಆಡುತ್ತೇವೆ ಎಂದು ನೀವು ಬರೆದಿದ್ದೀರಿ. ರೂನ್‌ವಾರ್ಸ್ ಬಯಸುವ ಮೈದಾನ 6 ಅಡಿ ಉದ್ದ, 3 ಅಡಿ ಅಗಲದ್ದು, ಮುಂಬಯಿಯ ಮನೆಗಳ ಊಟದ ಮೇಜು ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು. ಅದರ ಮೇಲೆ ಎರಡು ದಿಬ್ಬ, ಒಂದು ಕಾಡು ಇಟ್ಟರೆ ಇಡೀ ಮೇಜೇ ಕಣಿವೆಯಾಗುತ್ತದೆ. ಯಾಳಿಯನ್ನು ಮೂರು ಕಡೆಯಿಂದ ಮುತ್ತಲು ಎದುರಾಳಿಗೆ ದಾರಿಯೇ ಇಲ್ಲ. ನೀವು 40 ಪಾಯಿಂಟ್‌ಗೆ 80ರ ಮೃಗವನ್ನು ಇಳಿಸುತ್ತಿದ್ದೀರಿ.

ನನ್ನ ಸಲಹೆ 55ರಿಂದ ಆರಂಭಿಸಿ ಎಂಬುದು, ಅದೂ ದಿಬ್ಬಗಳಲ್ಲಿ ಒಂದನ್ನು ತೆಗೆದು. ಯಾಳಿಗೆ ಕುದುರೆಯ ವೇಗವನ್ನೂ ಕೊಟ್ಟಿದ್ದರೆ 60. ಆಮೇಲೆ ಬೆಲೆಯನ್ನು ತಿದ್ದುವುದಕ್ಕೆ ಗೆಲುವು ಸೋಲುಗಳನ್ನು ಎಣಿಸುವುದೊಂದೇ ದಾರಿ ಎಂದು ತಿಳಿಯಬೇಡಿ. ಸರಿಸಮನಾದ ಎರಡು ಸೇನೆಗಳು ಆರು ಆಟ ಆಡಿದರೂ, ಫಲಿತಾಂಶ ನಾಲ್ಕು-ಎರಡು ಅಥವಾ ಅದಕ್ಕಿಂತ ಏರುಪೇರಾಗಿ ಬರುವ ಸಾಧ್ಯತೆ ಶೇಕಡಾ 69ರಷ್ಟಿದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಆರಕ್ಕೆ ಆರೂ ಒಂದೇ ಕಡೆಗೆ ಹೋಗುವುದು ಶೇಕಡಾ 3ರಷ್ಟು ಮಾತ್ರ, ಅಂಥದ್ದನ್ನು ಕಂಡಾಗ ಬೆಲೆ ತಪ್ಪಿದೆ ಎನ್ನಬಹುದು. ಅಷ್ಟು ಭಾನುವಾರಗಳು ಯಾರಿಗೂ ಇಲ್ಲವಾದ್ದರಿಂದ ನಾನು ಅಣ್ಣತಮ್ಮಂದಿರ ಆಸ್ತಿ ಹಂಚಿಕೆಯ ಪದ್ಧತಿಯನ್ನು ಬಳಸುತ್ತೇನೆ: ಒಬ್ಬನು ಪಾಲು ಮಾಡಬೇಕು, ಇನ್ನೊಬ್ಬನು ಆರಿಸಿಕೊಳ್ಳಬೇಕು. ಯಾಳಿಯನ್ನು ರೂಪಿಸಿದವರು ಅದರ ಪಾಯಿಂಟನ್ನು ತಾವೇ ನಿಗದಿ ಮಾಡಲಿ, ಮೈದಾನವನ್ನೂ ತಾವೇ ಜೋಡಿಸಲಿ. ಯಾವ ಕಡೆ ಆಡಬೇಕೆಂದು ಎದುರಾಳಿ ಆರಿಸಲಿ. ಅವರು ಪ್ರತಿಸಲವೂ ಯಾಳಿಯ ಕಡೆಯನ್ನೇ ಹಿಡಿದರೆ ಬೆಲೆಯನ್ನು 5 ಪಾಯಿಂಟ್ ಏರಿಸಿ. ಎದುರಾಳಿ ಯಾವ ಕಡೆ ಕೂರಲಿ ಎಂದು ತಲೆ ಕೆರೆದುಕೊಳ್ಳಲು ಆರಂಭಿಸಿದ ದಿನ ತಿದ್ದುವುದನ್ನು ನಿಲ್ಲಿಸಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೆಲೆ, ವೇಗ, ದಿಬ್ಬ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಕೊಳ್ಳುವ ಬಗ್ಗೆ ಎರಡು ಮಾತು. ರೂನ್‌ವಾರ್ಸ್ ಪ್ರಕಟಣೆ ನಿಂತಿರುವುದರಿಂದ ನಿಮಗೆ ಸಿಗುವುದು ಹಳೆಯ ದಾಸ್ತಾನು ಇಲ್ಲವೇ ಕೈಬದಲಾದ ಪೆಟ್ಟಿಗೆಗಳು ಮಾತ್ರ. ಹೊರದೇಶದಿಂದ ತರಿಸುವ ಮುನ್ನ ಸುಂಕವನ್ನು ಲೆಕ್ಕ ಹಾಕಿ; ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು, ಪಾರ್ಸೆಲ್ ಆ ವರ್ಗದಲ್ಲಿ ಸಿಕ್ಕಿಬಿದ್ದರೆ ಅಗ್ಗದ ಪೆಟ್ಟಿಗೆ ಅಗ್ಗವಾಗಿ ಉಳಿಯುವುದಿಲ್ಲ. ಕೈಬದಲಾದ ಪೆಟ್ಟಿಗೆಯಲ್ಲಿ ಗೊಂಬೆಗಳಿಗಿಂತ ಮೊದಲು ಡಯಲ್ ಮತ್ತು ಕಾರ್ಡುಗಳನ್ನು ಎಣಿಸಿಕೊಳ್ಳಿ: ಗೊಂಬೆ ಕಳೆದರೆ ಬೇರೆ ಗೊಂಬೆ ನಿಲ್ಲಿಸಬಹುದು, ಡಯಲ್ ಕಳೆದರೆ ಆ ದಳವೇ ಇಲ್ಲ.

ಯಾಳಿಯ ಗೊಂಬೆಗಳನ್ನು ಹೇಗೆ ಮಾಡುತ್ತಿದ್ದೀರಿ ಎಂದು ನೀವು ಬರೆದಿಲ್ಲ. ಎಂ-ಸೀಲ್‌ನಿಂದ ಕೈಯಲ್ಲೇ ತಿದ್ದುವುದಾದರೆ, ಬೇಸ್‌ನ ಅಗಲ ನಿಮ್ಮ ಈಟಿಗಾರರ ಟ್ರೇಯಷ್ಟೇ ಇರಲಿ. ಒಂದಿಷ್ಟು ಹೆಚ್ಚಾದರೂ ಮುಂಭಾಗಗಳು ಹೊಂದದೆ, ಮೇಲೆ ಮಾಡಿದ ಲೆಕ್ಕವೆಲ್ಲ ಕೆಡುತ್ತದೆ. ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೆಯಬೇಡಿ. ತೇವದ ಗಾಳಿಯಲ್ಲಿ ಅದು ಬೂದಿ ಹಚ್ಚಿದಂತೆ ಒರಟಾಗುತ್ತದೆ. ಒಂದು ಜುಲೈನಲ್ಲಿ ನನ್ನ ಇಪ್ಪತ್ತು ಕಾಲಾಳುಗಳು ಬಾಲ್ಕನಿಯಲ್ಲಿ ಹಾಗೆಯೇ ವಿಭೂತಿ ಧರಿಸಿದರು. ದೀಪಾವಳಿಯವರೆಗೆ ಕಾಯಿರಿ, ಇಲ್ಲವೇ ಕುಂಚದಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ಬಳಸಿ. ನಿಮ್ಮದು ಸಿಂಹಮುಖದ ಯಾಳಿಯಾಗಿರದೆ ಗಜಮುಖದ್ದಾಗಿದ್ದರೆ ಸೊಂಡಿಲೊಳಗೆ ತೆಳುವಾದ ತಂತಿಯೊಂದನ್ನು ಮೊದಲೇ ಕೂರಿಸಿ. ಡಬ್ಬಿಯಿಂದ ತೆಗೆಯುವಾಗ ಮೊದಲು ಮುರಿಯುವುದು ಅದೇ.